ಬಿರುಗಾಳಿಯ ಮುನ್ಸೂಚನೆಯೂ ನಾಳೆಯ ಹಿಟ್ಟೂ

ಹೋಟೆಲಿನ ಅಡಿಗೆಮನೆಯಲ್ಲಿ ದಿನಕ್ಕೊಂದು ಮುನ್ಸೂಚನೆ ನಡೆಯುತ್ತಲೇ ಇರುತ್ತದೆ. ನಾಳೆ ಬೆಳಿಗ್ಗೆ ಎಷ್ಟು ಮಂದಿ ಇಡ್ಲಿ ತಿನ್ನಲು ಬಂದಾರೆಂಬುದನ್ನು ಇಂದು ಮಧ್ಯಾಹ್ನವೇ ಎಣಿಕೆ ಹಾಕಿ ಅಕ್ಕಿ ಉದ್ದುಗಳನ್ನು ನೆನೆಹಾಕಬೇಕು, ಸಂಜೆಗೆ ರುಬ್ಬಬೇಕು, ರಾತ್ರಿಯೆಲ್ಲ ಹಿಟ್ಟು ಹುದುಗಬೇಕು. ಎಣಿಕೆ ತಪ್ಪಿ ಜನ ಬಾರದೆ ಹೋದರೆ ಹಿಟ್ಟು ಹುಳಿಯಾಗುತ್ತದೆ. ಹೆಚ್ಚು ಬಂದರೆ ಮಾಣಿಯು ಗಿರಾಕಿಗಳ ಬೈಗುಳನ್ನು ತಿನ್ನಬೇಕಾಗುತ್ತದೆ. ಈ ಎಣಿಕೆಯಲ್ಲಿ ನುರಿತ ನಮ್ಮ ಭಟ್ಟರುಗಳು ತಪ್ಪುವುದಿಲ್ಲವೆಂದಲ್ಲ. ತಪ್ಪಿದ ದಿನ ಅವರನ್ನು ಯಾರೂ ಸುಳ್ಳರೆಂದು ಕರೆಯುವುದಿಲ್ಲವೆಂಬುದೇ ವಿಶೇಷ. ಹವಾಮಾನ ಶಾಖೆಯವರಿಗೆ ಮಾತ್ರ ನಾವು ಈ ಔದಾರ್ಯವನ್ನು ತೋರುವುದಿಲ್ಲ.

ಎರ್ನಾಕುಲದಲ್ಲಿಯೂ ಸೇತುವೆಯಾಚೆಯ ವಲ್ಲಾರ್ಪಾಡಂ ದ್ವೀಪದಲ್ಲಿಯೂ ಹೊಟ್ಟೆಪಾಡಿಗಾಗಿ ನೆಲೆಸಿರುವ ನಮ್ಮವರಿಗೆ ಬಿರುಗಾಳಿಯ ಸುದ್ದಿ ಹೊಸತಲ್ಲ. ವಲ್ಲಾರ್ಪಾಡಂ ಇಗರ್ಜಿಯ ಪ್ರಸಿದ್ಧಿಗೆ ಕಾರಣವಾದ ಕಥೆಯೇ ಬಿರುಗಾಳಿಯ ಕಥೆ. ೧೭೫೨ರಲ್ಲಿ ಮೀನಾಕ್ಷಿಯಮ್ಮನೆಂಬ ಗೃಹಿಣಿಯು ತನ್ನ ಮಗುವಿನೊಡನೆ ದೋಣಿಯಲ್ಲಿ ಹೋಗುತ್ತಿರಲು ಗಾಳಿಗೆ ದೋಣಿ ಮಗುಚಿತೆಂದೂ, ಮೂರನೆಯ ದಿನ ಬೆಸ್ತರ ಬಲೆಯಲ್ಲಿ ತಾಯಿಮಕ್ಕಳಿಬ್ಬರೂ ಜೀವಸಹಿತ ದೊರೆತರೆಂದೂ ಇಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಆ ತಾಯಿಗೆ ಗಾಳಿ ಬರುವುದೆಂದು ಮುಂದಾಗಿ ತಿಳಿಸಲು ಯಾರೂ ಇರಲಿಲ್ಲ. ಗೋಶ್ರೀ ಸೇತುವೆಗಳು ೨೦೦೪ರಲ್ಲಿ ತೆರೆಯುವವರೆಗೂ ಈ ದ್ವೀಪದಿಂದ ಕೆಲಸಕ್ಕೆ ಹೋಗುವವನು ಬೆಳಿಗ್ಗೆ ಆಕಾಶವನ್ನು ನೋಡಿಯೇ ಬೋಟು ಹತ್ತುತ್ತಿದ್ದನು. ಈಗ ಬಸ್ಸು ಹತ್ತುತ್ತಾನೆ. ಆಕಾಶದ ಬದಲಾಗಿ ಕೈಯಲ್ಲಿರುವ ಫೋನನ್ನು ನೋಡುತ್ತಾನೆ. ಫೋನು ಹೇಳುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದೇ ಈ ಬರಹದ ವಿಷಯ.

ಕೇರಳದ ತೀರವು ಮೂರು ವರ್ಷಗಳ ಅಂತರದಲ್ಲಿ ಎರಡು ಚಳಿಗಾಲದ ಬಿರುಗಾಳಿಗಳನ್ನು ಎದುರಿಸಿತು. ಮೊದಲನೆಯದು ೨೦೧೭ರ ಒಖಿ. ನವೆಂಬರ ೨೯ರಂದು ಅದು ಶ್ರೀಲಂಕೆಯ ಬಳಿ ಒಂದು ವಾಯುಭಾರ ಕುಸಿತ ಮಾತ್ರವಾಗಿತ್ತು. ೩೦ನೆಯ ತಾರೀಖು ಬೆಳಿಗ್ಗೆ ಕನ್ಯಾಕುಮಾರಿಯ ದಕ್ಷಿಣದ ಕಡಲಿನಲ್ಲಿ ಅದೇ ಚಂಡಮಾರುತವೆನಿಸಿ ಹೆಸರನ್ನೂ ಪಡೆಯಿತು. ಬಂಗಾಳಿ ಭಾಷೆಯಲ್ಲಿ ಒಖಿ ಎಂದರೆ ಕಣ್ಣು. ಚಂಡಮಾರುತದ ಎಚ್ಚರಿಕೆ ಸಾರುವಾಗ ಅಂದಿನ ಮಧ್ಯಾಹ್ನವಾಗಿತ್ತು. ತಿರುವನಂತಪುರದ ಪೂಂತುರ, ವಿಳಿಂಜಂಗಳ ಬೆಸ್ತರು ಅಷ್ಟರಲ್ಲಿಯೇ ಕಡಲಿಗೆ ಇಳಿದಿದ್ದರು. ಕೇರಳವೊಂದರಲ್ಲಿಯೇ ಸತ್ತವರೂ ಮರಳಿ ಬಾರದವರೂ ಸೇರಿ ನೂರಕ್ಕೆ ಮಿಕ್ಕಿದರು. ಕೊಚ್ಚಿಯ ದಕ್ಷಿಣದ ಚೆಲ್ಲಾನಂನಲ್ಲಿ ಕಡಲು ಮನೆಗಳೊಳಕ್ಕೇ ನುಗ್ಗಿತು.

ತರುವಾಯ ನಡೆದ ವಾದವು ವಾಚಕರಿಗೆ ನೆನಪಿರಬಹುದು. ಬೆಸ್ತರಿಗೆ ಮುನ್ನಾದಿನವೇ ಎಚ್ಚರಿಕೆ ಕೊಟ್ಟಿದ್ದೆವೆಂದು ಹವಾಮಾನ ಶಾಖೆ. ಚಂಡಮಾರುತವೆಂಬ ಮಾತೇ ಮಧ್ಯಾಹ್ನದವರೆಗೆ ಬರಲಿಲ್ಲವೆಂದು ರಾಜ್ಯ ಸರಕಾರ. ಎರಡೂ ಕಡೆಯಲ್ಲಿ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದರೆ ನಮ್ಮ ಮನಸ್ಸನ್ನು ಕೊರೆಯುವುದು ಬೇರೊಂದು ಸಂಗತಿ. ‘ವಾಯುಭಾರ ಕುಸಿತ’ವೆಂಬ ಮಾತನ್ನು ಕೇಳಿದವನಿಗೆ ಏನು ಅರ್ಥವಾಗುತ್ತದೆ? ಮಲೆಯಾಳದ ‘ನ್ಯೂನಮರ್ದ’ವೂ ಇಂಥದೇ. ತುಲಾಮಾಸದಲ್ಲಿ ಹದಿನೈದು ದಿನಕ್ಕೊಮ್ಮೆ ಕಿವಿಗೆ ಬೀಳುವ ಈ ಮಾತಿಗೆ ಹೆದರಿ ಬಲೆಯನ್ನು ಮಡಿಸಿಡುವ ಬೆಸ್ತನು ಹೆಂಡಿರು ಮಕ್ಕಳನ್ನು ಸಾಕುವುದೆಂತು?

ಇನ್ನೊಂದು ಕಷ್ಟವೂ ಇತ್ತು. ಚಂಡಮಾರುತದ ಸೂಚನೆಗಳು ನಮ್ಮ ದೇಶದಲ್ಲಿ ಮೆಟ್ಟಲು ಮೆಟ್ಟಲಾಗಿ ಬರುತ್ತವೆ: ೭೨ ಗಂಟೆ ಮೊದಲು ಒಂದು, ೪೮ ಗಂಟೆ ಮೊದಲು ಇನ್ನೊಂದು, ೨೪ ಗಂಟೆ ಮೊದಲು ಮತ್ತೊಂದು. ದೂರದ ಅಂಡಮಾನಿನ ಕಡೆ ಹುಟ್ಟಿ, ನಾಲ್ಕು ದಿನ ನಡೆದು, ಒರಿಸ್ಸಾ ಆಂಧ್ರಗಳ ತೀರಕ್ಕೆ ಬಡಿಯುವ ಗಾಳಿಗೆ ಈ ಏಣಿ ಸರಿಯಾದುದು. ಹೊಸ್ತಿಲಲ್ಲಿಯೇ ಹುಟ್ಟಿ ಒಂದೇ ದಿನದಲ್ಲಿ ಬೆಳೆದ ಒಖಿಗೆ ಏಣಿ ಇಡಲು ಸ್ಥಳವೇ ಇರಲಿಲ್ಲ. ೧೮೩೭ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ವೀಕ್ಷಣಾಲಯವನ್ನು ಸ್ಥಾಪಿಸಿದ ಆ ತಿರುವನಂತಪುರಕ್ಕೆ ಚಂಡಮಾರುತದ ಎಚ್ಚರಿಕೆಗೆಂದೇ ಪ್ರತ್ಯೇಕ ಕೇಂದ್ರವು ದೊರೆತದ್ದು ಒಖಿಯ ಅನಾಹುತವಾದ ಮೇಲೆ.

ಎರಡನೆಯದು ೨೦೨೦ರ ಡಿಸೆಂಬರಿನ ಬುರೇವಿ. ಒಖಿಯ ಪೆಟ್ಟು ತಿಂದಿದ್ದ ಸರಕಾರ ಈ ಸಲ ಒಂದು ನಿಮಿಷವನ್ನೂ ಕಳೆಯಲಿಲ್ಲ. ದಕ್ಷಿಣದ ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಹೊರಟಿತು; ಆಶ್ರಯ ಶಿಬಿರಗಳು ಸಿದ್ಧವಾದವು; ಡಿಸೆಂಬರ ೪ರ ಶುಕ್ರವಾರ ತಿರುವನಂತಪುರ, ಕೊಲ್ಲಂ, ಪತ್ತನಂತಿಟ್ಟ, ಆಲಪ್ಪುಳ, ಇಡುಕ್ಕಿ ಈ ಐದು ಜಿಲ್ಲೆಗಳಿಗೆ ರಜೆಯನ್ನು ಸಾರಿದರು; ತಿರುವನಂತಪುರದ ವಿಮಾನ ನಿಲ್ದಾಣವನ್ನು ಹಗಲೆಲ್ಲ ಮುಚ್ಚಿದರು. ಬುರೇವಿಯಾದರೋ ಶ್ರೀಲಂಕೆಯನ್ನು ದಾಟಿ ಮನ್ನಾರ್ ಕೊಲ್ಲಿಗೆ ಬಂದು, ಪಾಂಬನ್ನಿನ ಬಳಿ ಬಲಗುಂದಿ, ದಣಿದ ಎತ್ತಿನಂತೆ ನಿಂತಲ್ಲಿಯೇ ನಿಂತುಬಿಟ್ಟಿತು. ಅದರ ಮಳೆಯಿಂದ ತಮಿಳುನಾಡಿನ ಕಡಲೂರು, ಚಿದಂಬರಗಳ ಕಡೆ ಹೊಲಗದ್ದೆಗಳು ಮುಳುಗಿದವು. ತಿರುವನಂತಪುರಕ್ಕೆ ಬಿದ್ದದ್ದು ಮಾತ್ರ ಅಲ್ಪ ಸ್ವಲ್ಪ ಮಳೆ.

ಆಗ ಅಲ್ಲಿಯ ಒಂದು ಹೋಟೆಲಿನಲ್ಲಿ ಕೆಲಸದಲ್ಲಿದ್ದ, ಕುಂದಾಪುರದ ಕಡೆಯ ಒಬ್ಬ ಪರಿಚಿತ ಹುಡುಗನು ಮುಂದೊಂದು ದಿನ ನನ್ನೊಡನೆ ಹೇಳಿದ ಮಾತು ಇದು: “ಗಾಳಿ ಬರ್ಲಿಲ್ಲ ರಾಯ್ರೆ, ಸಂಬಳ ಮಾತ್ರ ಹಾರಿ ಹೋಯ್ತ್.” ಕಚೇರಿಗಳಿಗೆ ರಜೆಯಾದ್ದರಿಂದ ಹೋಟೆಲಿಗೆ ಗಿರಾಕಿಗಳಿಲ್ಲ, ಹಿಂದಿನ ಸಂಜೆ ರುಬ್ಬಿದ ಹಿಟ್ಟು ಕೊಡಪಾನಗಳಲ್ಲಿಯೇ ಉಳಿಯಿತು, ಅರ್ಧ ದಿನಕ್ಕೆ ಬಾಗಿಲು ಹಾಕಿ ಆ ದಿನದ ಸಂಬಳವನ್ನು ಹಿಡಿದರಂತೆ. ಸಾಂಕ್ರಾಮಿಕ ರೋಗದ ದೆಸೆಯಿಂದ ಆ ವರ್ಷ ಮೊದಲೇ ಸಂಬಳ ಅರೆಕೊರೆ. ಅದೇ ಊರಿನಲ್ಲಿ ಗುಮಾಸ್ತನಾಗಿರುವ ಅವನ ಸೋದರಮಾವನಿಗೆ ಅದೇ ಶುಕ್ರವಾರ ಪೂರ್ತಿ ಸಂಬಳದ ರಜೆ. ಒಂದೇ ಗಾಳಿ, ಒಂದೇ ಮನೆತನ, ಎರಡು ಬಗೆಯ ಲೆಕ್ಕ. ನಮ್ಮ ವಾಚಕರಲ್ಲಿ ಈ ಎರಡು ವರ್ಗದವರೂ ಇರುವುದರಿಂದ ಯಾರ ಮನಸ್ಸನ್ನೂ ನೋಯಿಸಲು ಇದನ್ನು ಬರೆಯುತ್ತಿಲ್ಲ. ರಜೆ ಪಡೆದವನದೇನೂ ತಪ್ಪಿಲ್ಲ. ಆದರೆ ಬಾರದೆ ಹೋದ ಗಾಳಿಗೂ ಒಂದು ಬೆಲೆಯುಂಟು, ಆ ಬೆಲೆಯನ್ನು ಎಲ್ಲರೂ ಸಮವಾಗಿ ತೆರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳದೆ ಮುನ್ಸೂಚನೆಯ ವಿಚಾರವನ್ನು ಮಾತನಾಡುವುದು ವ್ಯರ್ಥ.

ಹೀಗೇಕಾಗುತ್ತದೆ? ಹವಾಮಾನ ಶಾಖೆಯವರು ದಡ್ಡರೆಂದು ಹೇಳಿಬಿಡುವುದು ಸುಲಭ. ಧನಬಲ, ಯಂತ್ರಬಲಗಳೆರಡರಲ್ಲಿಯೂ ನಮಗಿಂತ ಮುಂದಿರುವ ಅಮೇರಿಕೆಯನ್ನು ನೋಡೋಣ. ನಮ್ಮವರ ಮಕ್ಕಳು ಮೊಮ್ಮಕ್ಕಳು ಈಗ ನ್ಯೂಯಾರ್ಕಿನ ಸುತ್ತಲೂ ತುಂಬಿಕೊಂಡಿದ್ದಾರೆ. ಅಲ್ಲಿಯ ಚಳಿಗಾಲದ ಬಿರುಗಾಳಿಯಲ್ಲಿ ಹಿಮವೂ, ಆಲಿಯಂಥ ಮಂಜುಗಡ್ಡೆಯ ಹರಳುಗಳೂ, ಬಿದ್ದಲ್ಲಿಯೇ ಹೆಪ್ಪುಗಟ್ಟುವ ಮಳೆಯೂ ಒಂದೇ ರಾತ್ರಿ ಕಲಸಿಕೊಂಡು ಸುರಿಯುವುದುಂಟು. ಮೋಡದಿಂದ ಹೊರಡುವಾಗ ಎಲ್ಲವೂ ಹಿಮವೇ. ನಡುವೆ ಬೆಚ್ಚಗಿನ ಗಾಳಿಯ ಒಂದು ಪದರವಿದ್ದರೆ ಹಿಮ ಕರಗಿ ನೀರಾಗುತ್ತದೆ. ಆ ಪದರದ ಕೆಳಗೆ ಕೊರೆಯುವ ಗಾಳಿ ದಪ್ಪವಾಗಿದ್ದರೆ ಹನಿಯು ದಾರಿಯಲ್ಲಿಯೇ ಮತ್ತೆ ಗಟ್ಟಿಯಾಗಿ ಹರಳಾಗಿ ಬೀಳುತ್ತದೆ. ತೆಳುವಾಗಿದ್ದರೆ ನೀರಾಗಿಯೇ ಬಿದ್ದು, ರಸ್ತೆಯನ್ನೂ ಮರದ ಕೊಂಬೆಯನ್ನೂ ವಿದ್ಯುತ್ತಿನ ತಂತಿಯನ್ನೂ ಮುಟ್ಟಿದ ಕ್ಷಣವೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಇವೆಲ್ಲಕ್ಕೂ ಒಂದೆರಡು ಡಿಗ್ರಿಯ ಅಂತರವೇ ಸಾಕು. ಆಕಾಶದಲ್ಲಿ ಸಾವಿರಾರು ಅಡಿಗಳ ಮೇಲಿನ ಆ ಒಂದೆರಡು ಡಿಗ್ರಿಯನ್ನು ಎರಡು ದಿನ ಮೊದಲೇ ಇಂಥ ಊರಿಗೆ ಇಂತಿಷ್ಟೆಂದು ಹೇಳಬೇಕು.

೨೦೧೭ರ ಮಾರ್ಚಿಯಲ್ಲಿ, ಎಂದರೆ ಒಖಿಗೆ ಎಂಟು ತಿಂಗಳು ಮೊದಲು, ನ್ಯೂಯಾರ್ಕಿಗೆ ಒಂದಡಿಯಿಂದ ಎರಡಡಿಯವರೆಗೆ ಹಿಮ ಬೀಳುವುದೆಂದು ಸಾರಿದ್ದರು. ಬಿದ್ದದ್ದು ಏಳೂವರೆ ಅಂಗುಲ ಮಾತ್ರ. ಮಿಕ್ಕದ್ದು ಹರಳಾಗಿ, ಮಳೆಯಾಗಿ ಹೋಯಿತು. ಸ್ವಾರಸ್ಯದ ಸಂಗತಿ ಬೇರೆಯೇ ಇದೆ. ಹಿಮ ಕಡಿಮೆಯಾಗಬಹುದೆಂಬ ಗುಮಾನಿ ಅಲ್ಲಿಯ ಹವಾಮಾನ ಶಾಖೆಯವರಿಗೆ ಮುನ್ನಾದಿನವೇ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಅಂಕೆಯನ್ನು ಬದಲಿಸಿದರೆ ಜನ ಗಲಿಬಿಲಿಗೊಂಡು ಎಚ್ಚರ ತಪ್ಪಿಯಾರೆಂದು ಅವರು ಕೂಡಿ ಆಲೋಚಿಸಿ ಹಳೆಯ ಅಂಕೆಯನ್ನೇ ಉಳಿಸಿಕೊಂಡರು. ಬಳಿಕ ಅದನ್ನು ತಾವಾಗಿಯೇ ಒಪ್ಪಿಕೊಂಡರು.

ಅವರ ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವರು ಮಾಡಿದ್ದು ಸರಿಯೆಂದು ನಮಗೆ ತೋರುವುದಿಲ್ಲ. ಸಂಶಯವನ್ನು ಸಾಮಾನ್ಯ ಜನ ತಾಳಲಾರರೆಂಬುದು ಮೇಜಿನ ಹಿಂದೆ ಕುಳಿತವರ ಭ್ರಮೆ. ನಾಳೆಯ ಗಿರಾಕಿಗಳ ಸಂಖ್ಯೆ ನಿಶ್ಚಯವಿಲ್ಲದೆಯೇ ದಿನವೂ ಹಿಟ್ಟು ರುಬ್ಬುವವನಿಗೆ ಸಂಶಯವೇನೆಂದು ಯಾರೂ ಕಲಿಸಬೇಕಾಗಿಲ್ಲ. “ಆರಾಣೆ ಪಾಲು ಬರಬಹುದು, ಹತ್ತಾಣೆ ಪಾಲು ಬಾರದು, ಆದರೆ ಬಂದರೆ ಮನೆಯ ಮಾಡು ಹಾರುತ್ತದೆ” ಎಂದು ಹೇಳಿನೋಡಲಿ. ಆತನು ಅದಕ್ಕೆ ತಕ್ಕಂತೆ ಅರ್ಧ ಹಿಟ್ಟು ರುಬ್ಬುತ್ತಾನೆ, ಮಾಡಿನ ತಗಡಿಗೆ ಕಲ್ಲನ್ನೂ ಹೇರುತ್ತಾನೆ. ಬಂದೇ ಬರುತ್ತದೆಂದು ಎರಡು ಸಲ ಕೇಳಿ ಬಾರದಿದ್ದುದನ್ನು ಕಂಡವನೇ ಮೂರನೆಯ ಸಲ ಕಲ್ಲು ಹೇರದೆ ಮಲಗುವವನು.

ನಮ್ಮ ಹವಾಮಾನ ಶಾಖೆಯು ಈ ಪಾಲುಗಳನ್ನು ಬಚ್ಚಿಟ್ಟಿದೆಯೆಂದು ಹೇಳಿದರೆ ಅನ್ಯಾಯವಾದೀತು. ಅವರ ಪ್ರಕಟಣೆಗಳಲ್ಲಿ ಬರುವ ‘ಲೈಕ್ಲಿ’ ಎಂಬ ಮಾತಿಗೆ ನೂರಕ್ಕೆ ೨೫ರಿಂದ ೫೦ ಪಾಲು ಎಂದು ಅರ್ಥ. ‘ವೆರಿ ಲೈಕ್ಲಿ’ ಎಂದರೆ ೫೦ರಿಂದ ೭೫. ಎಂದರೆ ಬರಿಯ ‘ಲೈಕ್ಲಿ’ಯಲ್ಲಿ ಬರುವುದಕ್ಕಿಂತ ಬಾರದಿರುವ ಪಾಲೇ ಹೆಚ್ಚು! ಇದು ಪತ್ರಿಕೆಗೆ ಬರುವಾಗ ‘ಮಳೆ ಸಂಭವ’ವಾಗುತ್ತದೆ, ತಲೆಬರಹದಲ್ಲಿ ‘ಭಾರಿ ಮಳೆ’ಯಾಗುತ್ತದೆ, ಚಹದ ಮೇಜಿನ ಮೇಲೆ ‘ನಾಳೆ ಪ್ರಳಯ’ವಾಗುತ್ತದೆ. ಈ ಪಾಪದಲ್ಲಿ ಪತ್ರಿಕೆಯವರಾದ ನಮ್ಮ ಪಾಲೂ ಇದೆಯೆಂದು ಒಪ್ಪಬೇಕು. ಬಣ್ಣಗಳ ಗತಿಯೂ ಅಷ್ಟೆ. ದಿನಕ್ಕೆ ೬೪.೫ ಮಿಲಿಮೀಟರಿನಿಂದ ಮೇಲೆ ಹಳದಿ, ೧೧೫.೬ರಿಂದ ಮೇಲೆ ಕಿತ್ತಳೆ, ೨೦೪.೪ನ್ನು ಮೀರಿದರೆ ಕೆಂಪು ಎಂಬುದು ಮಳೆಯ ಲೆಕ್ಕ. ಆದರೆ ಕೊಚ್ಚಿಯಲ್ಲಿ ಭರತದ ಹೊತ್ತಿಗೆ ಸರಿಯಾಗಿ ಹಳದಿಯ ಮಳೆ ಬಿದ್ದರೂ ಎಂ. ಜಿ. ರಸ್ತೆಯ ಹೋಟೆಲುಗಳ ಮೆಟ್ಟಲನ್ನು ನೀರು ಹತ್ತುವುದನ್ನು ನಾವು ಕಂಡಿದ್ದೇವೆ. ಬಣ್ಣವನ್ನು ಜಿಲ್ಲೆಗೆ ಕೊಡುತ್ತಾರೆ. ನೀರು ಓಣಿಗೆ ಬರುತ್ತದೆ.

ಇನ್ನು ಭಾಷೆಯ ವಿಚಾರ. ಎಚ್ಚರಿಕೆಗಳು ಮಲೆಯಾಳದಲ್ಲಿಯೂ ಇಂಗ್ಲೀಷಿನಲ್ಲಿಯೂ ಬರುತ್ತವೆ. ಹತ್ತು ವರ್ಷ ಇಲ್ಲಿದ್ದ ನಮ್ಮ ಸಪ್ಲಾಯರನು ಮಲೆಯಾಳವನ್ನು ನೀರು ಕುಡಿದಂತೆ ಮಾತನಾಡುತ್ತಾನೆ, ಆದರೆ ಅಕ್ಷರವನ್ನು ಓದಲಾರ. ಊರಿನಿಂದ ಹೊಸದಾಗಿ ಬಂದು ಲೋಟ ತೊಳೆಯಲು ನಿಂತವನಿಗೆ ಎರಡೂ ಇಲ್ಲ. ಗುಮಾಸ್ತರಾದ ನಮ್ಮವರು ಓದಬಲ್ಲರು. ತುಲಾವರ್ಷದ ಮೂರು ತಿಂಗಳಾದರೂ ಮಧ್ಯಾಹ್ನದ ಪ್ರಕಟಣೆಯನ್ನು ಓದಿ, ಊಟಕ್ಕೆ ಹೋದ ಹೋಟೆಲಿನ ತಿಂಡಿಯ ಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಕನ್ನಡದಲ್ಲಿ ಎರಡು ಸಾಲು ಬರೆಯಲಿ: ಏನು ಬರಬಹುದು, ಯಾವ ಹೊತ್ತಿಗೆ, ನೂರಕ್ಕೆ ಎಷ್ಟು ಪಾಲು. ಅಕ್ಕಿ ನೆನೆಹಾಕುವ ಹೊತ್ತೂ ಅದೇ ಆದ್ದರಿಂದ ಅಡಿಗೆಯವರಿಗೂ ಅನುಕೂಲ.

ಧಣಿಗಳಲ್ಲಿಯೂ ಒಂದು ಅರಿಕೆಯುಂಟು. ಎಚ್ಚರಿಕೆಯ ದಿನ ಬಾಗಿಲು ಮುಚ್ಚುವುದು ನಿಮ್ಮ ಹಕ್ಕು. ಜೀವ ಉಳಿದರೆ ವ್ಯಾಪಾರ ನಾಳೆಯೂ ಆದೀತು. ಆದರೆ ಕೆಂಪು ಎಚ್ಚರಿಕೆಯಿಂದ ಮುಚ್ಚಿದ ದಿನದ ಸಂಬಳದಲ್ಲಿ ಅರ್ಧವನ್ನಾದರೂ ಕೊಡುವುದೆಂದು ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿರಿ. ವರ್ಷಕ್ಕೆ ಅಂಥ ದಿನಗಳು ಬೆರಳಲ್ಲಿ ಎಣಿಸುವಷ್ಟು. ಹುಳಿಹೋದ ಹಿಟ್ಟಿನ ನಷ್ಟವನ್ನು ಹೇಗೂ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು. ಸಂಬಳ ಹೋಗುವ ಭಯದಿಂದ, ನಿಜವಾದ ಗಾಳಿಯ ದಿನವೂ ಬಸ್ಸಿಲ್ಲದ ರಸ್ತೆಯಲ್ಲಿ ಗೋಶ್ರೀ ಸೇತುವೆಯ ಮೇಲೆ ಕೊಡೆ ಹಿಡಿದು ನಡೆದು ಬರುವ ಹುಡುಗರು ವಲ್ಲಾರ್ಪಾಡಂನಲ್ಲಿ ಇದ್ದಾರೆ. ಕೊಡೆ ಮುರಿದುದನ್ನು ಮಾತ್ರ ಅವರು ನಿಮಗೆ ಹೇಳುತ್ತಾರೆ.