ಸಮ್ಮೇಳನಕ್ಕೆ ಬನ್ನಿ, ಮಲಗೋದೆಲ್ಲಿ ಅಂತ ಮಾತ್ರ ಕೇಳಬೇಡಿ!

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸುದ್ದಿ ಬಂದಾಗಲೆಲ್ಲ ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಎರಡು ಪ್ರಶ್ನೆ ಏಳುತ್ತವೆ. ಅಧ್ಯಕ್ಷರು ಯಾರು? ರೂಮು ಎಲ್ಲಿ? ಮೊದಲನೆಯದಕ್ಕೆ ಪೇಪರಿನಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಸಿಗಬೇಕಾದರೆ ಆ ಊರಿನಲ್ಲಿ ಒಬ್ಬ ಭಾವನೋ ಷಡ್ಡಕನೋ ಇರಬೇಕು.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಮ್ಮೇಳನ ನಡೆದಾಗ ಬಾಡೂಟ ಬೇಕೋ ಬೇಡವೋ ಎಂದು ನಾಡಿಗೆ ನಾಡೇ ವಾದ ಮಾಡಿತು. ಮಾಡಲಿ, ತಪ್ಪಿಲ್ಲ. ಊಟವೂ ಸಂಸ್ಕೃತಿಯೇ. ಆದರೆ ಉಂಡವನು ರಾತ್ರಿ ಎಲ್ಲಿ ಒರಗಬೇಕು ಅನ್ನುವುದರ ಬಗ್ಗೆ ಅಷ್ಟು ಜೋರಾದ ವಾದವನ್ನು ನಾನು ಯಾವ ಸಮ್ಮೇಳನದ ಕಾಲಕ್ಕೂ ಕೇಳಿಲ್ಲ.

ನನಗೆ ಈ ಪ್ರಶ್ನೆ ಹತ್ತಿಕೊಂಡದ್ದು ಕೆಲವು ವರ್ಷಗಳ ಹಿಂದೆ. ಊರಿನ ಹೆಸರು ಹೇಳುವುದಿಲ್ಲ. ಯಾಕೆಂದರೆ ಕೊನೆಗೆ ನಮ್ಮನ್ನು ಕಾಪಾಡಿದ್ದೂ ಆ ಊರಿನವರೇ.

ನನ್ನ ಜೊತೆ ನಮ್ಮ ಮಾಷ್ಟ್ರು ಇದ್ದರು. ಹಗಲು ಕೆಲಸ, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಪಾಠ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ ಎಷ್ಟೋ ಹುಡುಗರಿಗೆ ಅಕ್ಷರ ಕಲಿಸಿದವರು. ಎಪ್ಪತ್ತಾರು ವರ್ಷವಾದರೂ ಒಂದು ಸಮ್ಮೇಳನ ನೋಡಿರಲಿಲ್ಲ. "ಸಾಯುವ ಮೊದಲು ಒಮ್ಮೆ ಅಷ್ಟು ಕನ್ನಡದವರನ್ನು ಒಟ್ಟಿಗೆ ನೋಡ್ಬೇಕು ಮಾರಾಯ" ಅಂದರು. ಹೊರಟೆವು.

ರೂಮಿಗೆ ಒಂದು ತಿಂಗಳ ಮೊದಲೇ ಫೋನು ಮಾಡಿ ಹೇಳಿದ್ದೆ. ಬೆಳಿಗ್ಗೆ ಆರಕ್ಕೆ ಬ್ಯಾಗು ಹೊತ್ತು ಹೋದರೆ ಕೌಂಟರಿನ ಹುಡುಗ ತಲೆ ಎತ್ತದೇ "ನಿಮ್ ರೂಮು ಸಾಹೇಬರ ಕಡೆಯವರಿಗೆ ಹೋಯ್ತು ಸಾರ್" ಅಂದ. ಯಾವ ಸಾಹೇಬರು? ಅದು ಅವನಿಗೂ ಗೊತ್ತಿರಲಿಲ್ಲ. ಮುಂದಿನ ಲಾಡ್ಜು ಫುಲ್ಲು. ಅದರ ಮುಂದಿನದರಲ್ಲಿ ಗೋಡೆಯ ಬೋರ್ಡಿನಲ್ಲಿ ಎಂಟುನೂರು ಅಂತ ಬರೆದಿದ್ದ ರೂಮಿಗೆ ನಾಲ್ಕು ಸಾವಿರ ಹೇಳಿದರು, ಅದೂ ಒಂದೇ ರಾತ್ರಿಗೆ. ಕೊನೆಗೆ ಪ್ರತಿನಿಧಿ ಚೀಟಿ ತೋರಿಸಿದ ಮೇಲೆ ಒಂದು ಶಾಲೆಯ ಮೊದಲ ಮಹಡಿಯ ಕ್ಲಾಸ್ ರೂಮು ಸಿಕ್ಕಿತು. ನೆಲಕ್ಕೆ ಜಮಖಾನ. ಶೌಚಾಲಯ ಕೆಳಗೆ, ಮೈದಾನದ ಆಚೆ ತುದಿಗೆ. ಮಾಷ್ಟ್ರಿಗೆ ಎರಡೂ ಮಂಡಿ ಆಪರೇಷನ್ ಆಗಿತ್ತು. ನೆಲಕ್ಕೆ ಕೂತರೆ ಏಳಲಿಕ್ಕಾಗದು. ಆ ರಾತ್ರಿ ಅವರು ಮಕ್ಕಳ ಡೆಸ್ಕಿನ ಮೇಲೆ ತಲೆಯಿಟ್ಟು ಕೂತೇ ಕಳೆದರು. ಬೆಳಿಗ್ಗೆ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

ಇದಕ್ಕೆ ಯಾರನ್ನು ಬೈಯುವುದು? ಯೋಚಿಸಿದರೆ ಒಬ್ಬರನ್ನೇ ಬೈಯುವ ಹಾಗಿಲ್ಲ. ಜಿಲ್ಲಾ ಕೇಂದ್ರವಾದರೂ ಅದು ಸಣ್ಣ ಊರು. ಲಾಡ್ಜುಗಳು ಬೆರಳೆಣಿಕೆ. ಬರುವವರು ಸಾವಿರ ಸಾವಿರ. ಇರುವ ಒಳ್ಳೆಯ ರೂಮುಗಳು ಗೋಷ್ಠಿಗೆ ಬರುವವರಿಗೆ, ಗಣ್ಯರಿಗೆ, ಅಧಿಕಾರಿಗಳಿಗೆ ಅಂತ ಮೊದಲೇ ಹಿಡಿದಿಡಲಾಗುತ್ತದೆ. ಪ್ರತಿನಿಧಿಗಳಿಗೆ ಹಾಸ್ಟೆಲು, ಕಲ್ಯಾಣ ಮಂಟಪ, ಶಾಲೆ. ಏನೂ ಅಲ್ಲದೆ ಬರೀ ಕನ್ನಡದ ಪ್ರೀತಿಗೆ ಬಂದವನಿಗೆ ಬಸ್ ಸ್ಟ್ಯಾಂಡು. ಹಿಡಿದಿಟ್ಟ ರೂಮಿಗೆ ಗಣ್ಯರು ಬಾರದಿದ್ದರೂ ಅದು ಬೀಗ ಹಾಕಿಕೊಂಡೇ ಇರುತ್ತದೆ. ನಮಗೆ ಸಿಗದ ಆ ರೂಮಿನ ಬಾಗಿಲು ಎರಡನೆಯ ದಿನವೂ ಮುಚ್ಚಿಯೇ ಇದ್ದದ್ದನ್ನು ನಾನೇ ಕಣ್ಣಾರೆ ನೋಡಿದೆ.

ಪಕ್ಕದ ಊರಿನಲ್ಲಿ ಉಳಿಯಿರಿ ಅಂತ ಬುದ್ಧಿ ಹೇಳುವವರಿದ್ದಾರೆ. ಮಂಡ್ಯಕ್ಕೆ ಮೈಸೂರು, ಹಾವೇರಿಗೆ ರಾಣೆಬೆನ್ನೂರು. ಒಳ್ಳೆಯ ಉಪಾಯವೇ, ನಾನೂ ಕೇಳಿದವರಿಗೆಲ್ಲ ಹೇಳುತ್ತೇನೆ. ಆದರೆ ಸಂಜೆ ಆರಕ್ಕೆ ಅಂತ ಅಚ್ಚಾದ ಕಾರ್ಯಕ್ರಮ ಎಂಟೂವರೆಗೆ ಶುರುವಾಗುತ್ತದೆ. ಅದು ಮುಗಿಯುವ ಹೊತ್ತಿಗೆ ಬಸ್ಸೂ ಇಲ್ಲ, ರೈಲೂ ಇಲ್ಲ. ಹೀಗಾಗಿ ದೂರದಿಂದ ಬಂದವನು ಅರ್ಧಕ್ಕೇ ಎದ್ದು ಹೊರಡಬೇಕು.

"ಸಾಹಿತ್ಯದ ಹಬ್ಬಕ್ಕೆ ಬಂದು ಹಾಸಿಗೆ ಕೇಳ್ತೀರಲ್ಲ" ಅಂತ ಒಬ್ಬರು ನನ್ನನ್ನು ಛೇಡಿಸಿದ್ದರು. ಹೌದು, ಕೇಳುತ್ತೇನೆ. ಅದೇ ಮಂಡ್ಯದಲ್ಲಿ 1974ರಲ್ಲಿ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆ ನಮ್ಮ ಸೊಲ್ಲಾಪುರದವರು. ಸಮ್ಮೇಳನ 1945ರಲ್ಲಿ ಮದರಾಸಿನಲ್ಲಿ, 1950ರಲ್ಲಿ ಸೊಲ್ಲಾಪುರದಲ್ಲಿ, 1951ರಲ್ಲಿ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಇದೇ ಮುಂಬಯಿಯಲ್ಲಿ, 1978ರಲ್ಲಿ ದೆಹಲಿಯಲ್ಲಿ ನಡೆದಿದೆ. ಹೆಸರಿನಲ್ಲಿರುವ 'ಅಖಿಲ ಭಾರತ' ಸುಮ್ಮನೆ ಬಂದದ್ದಲ್ಲ. ಊರಿನ ಸುತ್ತಲಿನವರು ಸಂಜೆ ಮನೆಗೆ ಹೋಗಿ ಬೆಳಿಗ್ಗೆ ಬರಬಹುದು. ನಾವು ಎಲ್ಲಿಗೆ ಹೋಗೋಣ? ಹಾಸಿಗೆ ಇಲ್ಲ ಅಂದರೆ ಬರಬೇಡಿ ಅಂದ ಹಾಗೆಯೇ. ವಯಸ್ಸಾದವರಿಗೆ, ಒಂಟಿ ಹೆಂಗಸರಿಗಂತೂ ಅದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ.

ಆಗುವುದೇ ಇಲ್ಲ ಅನ್ನುವಂಥ ಕೆಲಸವೇ ಇದು? ಪುಣೆಗೆ ಹೋಗಿ ನೋಡಿ. ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಮತ್ತು ತುಕಾರಾಮರ ಪಾಲಕಿಗಳು ಅಲ್ಲಿ ಎರಡು ರಾತ್ರಿ ತಂಗುತ್ತವೆ, ಒಂದು ಭವಾನಿ ಪೇಠೆಯಲ್ಲಿ, ಇನ್ನೊಂದು ನಾನಾ ಪೇಠೆಯಲ್ಲಿ. ಜೊತೆಗೆ ಬರುವ ವಾರಕರಿಗಳು ಲಕ್ಷಗಟ್ಟಲೆ. ಅವರೇನು ಲಾಡ್ಜು ಹುಡುಕುತ್ತಾರೆಯೇ? ಶಾಲೆ, ಗುಡಿಗಳ ಜೊತೆಗೆ ಜನರ ಮನೆಗಳೂ ತೆರೆಯುತ್ತವೆ. ಪ್ರತಿ ವರ್ಷ ಅದೇ ದಿಂಡಿ ಅದೇ ಮನೆಗೆ ಬಂದು ಇಳಿಯುವುದೂ ಉಂಟು. ಪಂಢರಪುರದ ವಿಠ್ಠಲ ನಮಗೂ ದೇವರೇ. ಅವನ ಭಕ್ತರಿಂದ ಇಷ್ಟನ್ನು ಕಲಿಯಬಾರದೇ?

ನನ್ನ ಬೇಡಿಕೆ ದೊಡ್ಡದೇನಲ್ಲ. ಮೊದಲನೆಯದಾಗಿ, ದಿನಾಂಕ ಬೇಗ ಗಟ್ಟಿಯಾಗಲಿ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಆ 60 ದಿನಕ್ಕೆ ಮೊದಲಾದರೂ ದಿನ ಖಚಿತವಾಗಿದ್ದರೆ ದೂರದವರು ರೈಲು, ರೂಮು ಎರಡನ್ನೂ ಹಿಡಿಯಬಹುದು. ಎರಡನೆಯದಾಗಿ, ಹಿಡಿದಿಟ್ಟ ರೂಮಿಗೆ ಹಿಂದಿನ ದಿನದೊಳಗೆ ಯಾರೂ ಬರುತ್ತೇವೆಂದು ಹೇಳದಿದ್ದರೆ ಅದನ್ನು ಕಾದವರಿಗೆ ಬಿಟ್ಟುಕೊಡಲಿ. ಶಾಲೆಗಳಲ್ಲಿ ಕೆಳಗಿನ ಮಹಡಿಯ ಒಂದೆರಡು ಕೋಣೆಗೆ ಮಂಚ ಹಾಕಿ ಅರವತ್ತು ದಾಟಿದವರಿಗೆ ಇಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನವರಲ್ಲಿ ಕೇಳಲಿ, ಮನೆಗೊಬ್ಬ ಅತಿಥಿಯನ್ನು ಇಟ್ಟುಕೊಳ್ಳುತ್ತೀರಾ ಅಂತ. ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಎರಡನೆಯ ದಿನ ಮಾಷ್ಟ್ರು ಕುಂಟುತ್ತಾ ಪುಸ್ತಕದ ಮಳಿಗೆ ಸುತ್ತುತ್ತಿದ್ದಾಗ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ಒಬ್ಬರು ಕಾಲು ನೋಡಿ ವಿಚಾರಿಸಿದರು. ಕತೆ ಕೇಳಿದವರೇ ನಮ್ಮ ಬ್ಯಾಗು ಎತ್ತಿಕೊಂಡು ಹೊರಟರು. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಒಂದನ್ನು ನಮಗೆ ಬಿಟ್ಟು, ಅವರು ಹೆಂಡತಿ ಮಕ್ಕಳೊಂದಿಗೆ ನಡುಮನೆಯಲ್ಲಿ ಮಲಗಿದರು. ಮಾಷ್ಟ್ರು ಕವಿಗೋಷ್ಠಿಯನ್ನು ಕೊನೆಯ ಕವಿಯವರೆಗೂ ಕೇಳಿದರು. ಹೊರಡುವಾಗ ನಾನು ದುಡ್ಡು ಕೊಡಹೋದರೆ ಆ ಪುಣ್ಯಾತ್ಮ ಕೈ ಹಿಂದಕ್ಕೆ ಎಳೆದುಕೊಂಡು "ಬುಡಿ ಸಾರ್, ನಾವು ಬೊಂಬಾಯಿಗೆ ಬಂದಾಗ ನೀವು ನೋಡ್ಕಳೀರಂತೆ" ಅಂದರು.

ಬಂದರು. ಎಂಟು ತಿಂಗಳ ನಂತರ ಫೋನು ಬಂತು. ಅಕ್ಕನನ್ನು ಪರೇಲಿನ ಆಸ್ಪತ್ರೆಗೆ ಕರೆತರುತ್ತಿದ್ದಾರೆ, ಹತ್ತಿರದಲ್ಲಿ ಕಡಿಮೆ ಬಾಡಿಗೆಯ ರೂಮು ಸಿಗುತ್ತದೆಯೇ ಅಂತ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ತಲೆಗೆ ಮೊದಲು ಬಂದದ್ದು ಲಾಡ್ಜುಗಳ ಹೆಸರೇ. ಮಗಳ ಪರೀಕ್ಷೆ, ಸಣ್ಣ ಫ್ಲ್ಯಾಟು, ಡೊಂಬಿವಲಿಯಿಂದ ಪರೇಲು ದೂರ... ನೆಪಗಳು ಸಾಲಾಗಿ ಬಂದವು. "ವಿಚಾರಿಸಿ ಹೇಳ್ತೇನೆ" ಅಂತ ಫೋನು ಇಟ್ಟೆ. ಹೆಂಡತಿ ಕೇಳಿಸಿಕೊಂಡಿದ್ದಳು. "ಮಾಷ್ಟ್ರ ಕಾಲು ಬಾತದ್ದು ಮರೆತುಹೋಯ್ತಾ ನಿಮಗೆ?" ಅಂದಳು, ಅಷ್ಟೇ. ಮತ್ತೆ ಫೋನು ಮಾಡಿದೆ. ಹನ್ನೊಂದು ದಿನ ಅವರು ನಮ್ಮ ಹಾಲಿನಲ್ಲಿದ್ದರು. ಮಗಳು ಅಡುಗೆಮನೆಯಲ್ಲಿ ಕೂತು ಓದಿದಳು, ಪಾಸೂ ಆದಳು.

ಸಮ್ಮೇಳನದ ಊರುಗಳಿಂದ ನಾವು ಒಂದು ಹಾಸಿಗೆ ಕೇಳುವುದು ನ್ಯಾಯವೇ. ಆದರೆ ಚಿಕಿತ್ಸೆಗೋ ಇಂಟರ್‌ವ್ಯೂಗೋ ಊರಿಂದ ಬಂದು ದಾದರಿನಲ್ಲಿ ಇಳಿಯುವ ಕನ್ನಡದವನಿಗೆ ನಮ್ಮಲ್ಲಿ ಎಷ್ಟು ಮನೆಗಳು ತೆರೆದಿವೆ? ಮುಂದಿನ ಸಮ್ಮೇಳನಕ್ಕೆ ರೂಮು ಹುಡುಕುವ ಮೊದಲು ನಾವು ಇದನ್ನೂ ಒಮ್ಮೆ ಲೆಕ್ಕ ಹಾಕೋಣ, ಏನಂತೀರಿ?