‘ಹೂ’ ಬಂದರೆ ‘ಹೀ’ ಏಳಬೇಕು

ಎರಡು ಇಂಗ್ಲಿಷ್ ವಾಕ್ಯಗಳನ್ನು ಕೂಡಿಸಿ ಒಂದಾಗಿ ಬರೆಯಿರಿ ಎಂಬ ಪ್ರಶ್ನೆಯನ್ನು ಕಂಡು ಬೆವರದ ಕನ್ನಡ ಬಾಲಕರು ವಿರಳ. ‘ದಿ ಬಾಯ್ ಹೂ ಹೀ ಕೇಮ್’ ಎಂದು ಬರೆದು, ಕೆಂಪು ಶಾಯಿಯ ಗೆರೆಯನ್ನೂ ದಡ್ಡನೆಂಬ ಬಿರುದನ್ನೂ ಒಟ್ಟಿಗೆ ಹೊತ್ತು ಮನೆಗೆ ಬಂದ ಮಗನನ್ನು ಗದರಿಸುವ ಮುನ್ನ ತಂದೆತಾಯಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಅವನ ತಾಯ್ನುಡಿಗೆ ಇಂಥ ಸಂಬಂಧವಾಚಕ ಸರ್ವನಾಮದ ಹಂಗು ಅಷ್ಟಾಗಿ ಇಲ್ಲ.

ಮಡಕೆ ಮಾಡಿದ ಕುಂಬಾರ, ಕುಂಬಾರ ಮಾಡಿದ ಮಡಕೆ, ಮಡಕೆ ಮಾಡಿದ ಮಣ್ಣು, ಮಡಕೆ ಮಾಡಿದ ಊರು: ‘ಮಾಡಿದ’ ಎಂಬ ಒಂದೇ ಕೃದಂತವು ಈ ನಾಲ್ಕು ಸಂಬಂಧಗಳನ್ನೂ ಸದ್ದಿಲ್ಲದೆ ನಿರ್ವಹಿಸುತ್ತದೆ. ಇಂಗ್ಲಿಷಾದರೋ ಮೊದಲು ಕುಂಬಾರನನ್ನು ಕರೆತಂದು ನಿಲ್ಲಿಸಿ, ಆಮೇಲೆ ಅವನ ವೃತ್ತಾಂತಕ್ಕೆ ತೊಡಗುವ ಭಾಷೆ. ಮನುಷ್ಯನಿಗೆ ‘ಹೂ’, ವಸ್ತುವಿಗೆ ‘ವಿಚ್’, ಸ್ಥಳಕ್ಕೆ ‘ವೇರ್’ ಎಂದು ಬಾಗಿಲಿಗೊಬ್ಬ ಕಾವಲುಗಾರನನ್ನೂ ಇಟ್ಟಿದೆ.

ಬೆಳಗಾವಿಯಿಂದ ಲೋಂಡಾ ಕಡೆಗೆ ಸಾಗುವ ರೈಲು ಖಾನಾಪುರವನ್ನು ದಾಟಿದ ಬಳಿಕ ಗುಂಜಿ ಎಂಬ ನಿಲ್ದಾಣವಿದೆ. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಯಿದು. ಇಂಥ ಊರಿನ ಒಂದೇ ಬೆಂಚಿನ ಮೇಲೆ ಎರಡೂ ಮನೆಮಾತಿನ ಮಕ್ಕಳು ಕುಳಿತರೆ ಅವರ ತಪ್ಪುಗಳೂ ಒಂದೇ ಮೂಲದವಾಗಿರಬೇಕಿಲ್ಲ. ಮರಾಠಿಯ ಹುಡುಗನಿಗೆ ‘ಜೋ ಮುಲ್ಗಾ ಆಲಾ, ತೋ ಮಾಝಾ ಮಿತ್ರ’ ಎನ್ನುವುದು ಮನೆಯ ಮಾತೇ. ‘ಜೋ’ ಎಂಬುದರ ಬಲದಿಂದ ಅವನು ‘ಹೂ’ವನ್ನು ಬೇಗ ಗುರುತಿಸಬಲ್ಲ. ಆದರೆ ‘ತೋ’ ಎಂಬುದನ್ನು ಬಿಡಲೊಲ್ಲದೆ ಕೊನೆಗೆ ಒಂದು ‘ಹೀ’ಯನ್ನು ಅಂಟಿಸುವ ಅಪಾಯವೂ ಅವನಿಗೇ ಹೆಚ್ಚು. ಕನ್ನಡಕ್ಕೂ ‘ಯಾವನು ಬಂದನೋ ಅವನು’ ಎಂಬ ದಾರಿಯುಂಟು. ಮರಾಠಿಗೂ ‘ಆಲೇಲಾ ಮುಲ್ಗಾ’ ಎಂಬ ಕೃದಂತದ ದಾರಿಯುಂಟು. ನೆರೆಹೊರೆಯ ಭಾಷೆಗಳು ಜಗಳವಾಡುವವರ ಅನುಮತಿಗೆ ಕಾಯುವುದಿಲ್ಲ. ಸಾಂಗಲಿಯ ಸಮೀಪದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಅಚ್ಚಿಗೆ ಇಳಿದಿದೆಯೆಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದರು.

ಇಂಥ ತರಗತಿಗೆ ಒಪ್ಪುವ ಆಟವೊಂದಿದೆ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದಪ್ಪಕ್ಷರಗಳಲ್ಲಿ ಪದಗಳನ್ನು ಬರೆದು ಮಕ್ಕಳ ಕೈಗೆ ಕೊಡಬೇಕು. ‘ದಿ ಬಾಯ್’, ‘ಈಸ್ ಮೈ ಫ್ರೆಂಡ್’ ಇಬ್ಬರು ಒಂದು ಸಾಲು, ‘ಹೀ’, ‘ಕೇಮ್ ಫ್ರಮ್ ಲೋಂಡಾ’ ಇನ್ನೊಂದು ಸಾಲು, ಎಲ್ಲರೂ ಕುಳಿತಿರಬೇಕು. ‘ಹೂ’ ಹಿಡಿದ ಹುಡುಗಿ ಬಂದು ‘ಹೀ’ಯ ಭುಜ ತಟ್ಟುತ್ತಾಳೆ. ತಟ್ಟಿದೊಡನೆ ಅವನು ಎದ್ದು ಹೊರಗೆ ಹೋಗಬೇಕು. ಅವನ ಸ್ಥಾನ ಹಿಡಿದ ‘ಹೂ’ ತನ್ನ ನೆರೆಯವನನ್ನು ಕೈಹಿಡಿದು ಎಬ್ಬಿಸಿ, ‘ದಿ ಬಾಯ್’ನ ಮಗ್ಗುಲಿಗೇ ಒಯ್ದು ಕೂರಿಸಬೇಕು, ‘ಈಸ್ ಮೈ ಫ್ರೆಂಡ್’ ಸರಿದು ಸ್ಥಳ ಕೊಡಬೇಕು. ‘ಹೀ’ ಏಳದಿದ್ದರೆ ಆ ತಂಡಕ್ಕೆ ಒಂದು ಗುಣ ನಷ್ಟ. ಎಬ್ಬಿಸಿ ಕಳುಹಿಸಿದವನನ್ನು ಮತ್ತೆ ಬರವಣಿಗೆಯಲ್ಲಿ ಕರೆಯಲು ಹುಡುಗರಿಗೆ ಅಷ್ಟು ಸುಲಭವಾಗಿ ಮನಸ್ಸು ಬಾರದು. ಹತ್ತು ಸಲ ಕಪ್ಪುಹಲಗೆಯ ಮೇಲೆ ನಿಯಮ ಬರೆಯುವುದಕ್ಕಿಂತ ಇದು ಮೇಲು.

ಎರಡನೆಯ ಸುತ್ತು ಕಠಿಣ. ‘ದಿ ಪಾಟ್ ಬ್ರೋಕ್’. ‘ಐ ಬಾಟ್ ಇಟ್ ಇನ್ ಖಾನಾಪುರ’. ಇಲ್ಲಿ ಏಳಬೇಕಾದ ‘ಇಟ್’ ಸಾಲಿನ ನಡುವೆ ಅಡಗಿ ಕುಳಿತಿದೆ. ‘ವಿಚ್’ ಅದನ್ನು ಹುಡುಕಿ ಎಬ್ಬಿಸಿದರಷ್ಟೇ ಸಾಲದು. ತಾನು ‘ಐ’ಯ ಮುಂದಕ್ಕೆ ಬರಬೇಕು. ‘ವಿಚ್ ಐ ಬಾಟ್ ಇಟ್’ ಎಂಬ ತಪ್ಪು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಶಿಕ್ಷಕರು ಅವಸರಪಡದೆ, ಕಳ್ಳನನ್ನು ಮಕ್ಕಳೇ ಹಿಡಿಯುವತನಕ ಕಾಯಬೇಕು. ಆಮೇಲೆ ಅದೇ ಅರ್ಥವನ್ನು ಒಬ್ಬನಿಂದ ಕನ್ನಡದಲ್ಲಿ, ಇನ್ನೊಬ್ಬನಿಂದ ಮರಾಠಿಯಲ್ಲಿ ಹೇಳಿಸಿದರೆ ಯಾವ ಪದ ಎಲ್ಲಿಗೆ ಹೋಯಿತೆಂಬುದು ಕಣ್ಣಿಗೇ ಕಾಣುತ್ತದೆ.

‘ಹೂಸ್’ ಎಂಬುದನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳುವುದು ಲೇಸು. ಆ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡದ ಹುಡುಗರು ಏಕೆ ಬಿದ್ದು ಬಿದ್ದು ನಗುತ್ತಾರೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಮರಾಠಿಯ ಗೆಳೆಯರಿಗೆ ಅದನ್ನು ಅವರೇ ವಿವರಿಸಿಕೊಳ್ಳಲಿ, ಐದು ನಿಮಿಷ ಬಿಡುವು ಕೊಟ್ಟರಾಯಿತು.