ಅಗ್ಗದ ಲಾಜಿಕ್ ಅನಲೈಸರ್ ಆಟಿಕೆ ಅಲ್ಲ

(1/4)
ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಲ್ಯಾಬಲ್ಲಿ ಒಂದೇ ಮಂತ್ರ: "ಮಾಡ್ಯೂಲ್ ಹೋಗಿರ್ಬೇಕು ಮಗಾ, ಬೇರೆ ತಗೊಂಡ್ಬಾ." ಎಸ್.ಪಿ. ರೋಡಿಗೆ ಓಡಿ ಇನ್ನೊಂದು ತರೋದು. ಅದೂ ಕೆಲಸ ಮಾಡಲ್ಲ. ಆಮೇಲೆ ಮೂರನೇದು. ಹೆಚ್ಚೂಕಮ್ಮಿ ಇದೇ ದುಡ್ಡಲ್ಲಿ ಎಂಟು ಚಾನೆಲ್, 24 ಮೆಗಾಹರ್ಟ್ಸ್‌ನ ಲಾಜಿಕ್ ಅನಲೈಸರ್ ಬರುತ್ತೆ. ಅದನ್ನ ತಗೊಳ್ಳಿ ಅಂದ್ರೆ ಮಾತ್ರ ಸೀನಿಯರ್ ಉಪದೇಶ: "ಅದು ಆಟಿಕೆ, ಸ್ಕೋಪಲ್ಲಿ ನೋಡು." ಸ್ಕೋಪ್ ಎಲ್ಲಿದೆ? ಬೀರುವಲ್ಲಿ. ಕೀ? ಊಟಕ್ಕೆ ಹೋದವರ ಜೇಬಲ್ಲಿ.

(2/4)
ಐ2ಸಿ ಎಲ್‌ಸಿಡಿಯನ್ನೇ ತಗೊಳ್ಳಿ. ಬ್ಯಾಕ್‌ಲೈಟ್ ಉರಿಯುತ್ತೆ, ಅಕ್ಷರ ಇಲ್ಲ. ಕೋಡಲ್ಲಿ ಅಡ್ರೆಸ್ ಹೆಕ್ಸ್ 27. ಬೆನ್ನಿಗಿರೋ ಚಿಪ್ ಪಿಸಿಎಫ್8574 ಆದ್ರೆ ಸಾಮಾನ್ಯವಾಗಿ ಅದೇ ಸರಿ. ಹೆಸರಿನ ಕೊನೆಗೆ ಒಂದು 'ಎ' ಇದ್ರೆ 3ಎಫ್. ಎಸ್‌ಡಿಎ, ಎಸ್‌ಸಿಎಲ್‌ಗೆ ಒಂದೊಂದು ವೈರ್ ಹಾಕಿ (ಗ್ರೌಂಡ್ ಮರೀಬೇಡಿ ಮಾರಾಯ್ರೇ) ಸ್ಕ್ರೀನ್ ನೋಡಿ. ಅಡ್ರೆಸ್ ಹೋಗುತ್ತೆ, ಒಂಬತ್ತನೇ ಕ್ಲಾಕಲ್ಲಿ ಎಸ್‌ಡಿಎ ಕೆಳಗಿಳಿಯೋದೇ ಇಲ್ಲ. ಅಂದ್ರೆ ನೀವು ಕರೆದ್ರಿ, ಯಾರೂ ಓಗೊಡಲಿಲ್ಲ. ಓಗೊಟ್ಟೂ ಅಕ್ಷರ ಬರ್ತಿಲ್ವಾ? ಮೊದಲು ಹಿಂದಿರೋ ಕಾಂಟ್ರಾಸ್ಟ್ ಪಾಟ್ ತಿರುಗಿಸಿ. ಎರಡು ನಿಮಿಷದ ಕೆಲಸಕ್ಕೆ ಮೂರು ಎಲ್‌ಸಿಡಿ ಕೊಂಡವರು ನಮ್ಮಲ್ಲೇ ಇದ್ದಾರೆ.

"ಸೀರಿಯಲ್ ಪ್ರಿಂಟ್ ಸಾಕಲ್ವಾ?" ಸಾಲಲ್ಲ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೇ ಸುಮಾರು 1 ಮಿಲಿಸೆಕೆಂಡ್. ಬಫರ್ ತುಂಬಿದ್ರೆ ಕೋಡ್ ಅಲ್ಲೇ ನಿಂತು ಕಾಯುತ್ತೆ, ಟೈಮಿಂಗೇ ಬದಲಾಗುತ್ತೆ. ಪ್ರಿಂಟ್ ಹಾಕಿದ ತಕ್ಷಣ ಮಾಯ ಆಗೋ ಬಗ್ ಕಂಡಿಲ್ವಾ? ಅದೂ ಅಲ್ದೆ, ಪ್ರಿಂಟ್ ಹೇಳೋದು ಕೋಡ್ ಏನು ಮಾಡಿದೆ ಅಂದ್ಕೊಂಡಿದೆ ಅನ್ನೋದನ್ನ. ವೈರಲ್ಲಿ ಏನು ಹೋಯ್ತು ಅನ್ನೋದು ಬೇರೆ.

(3/4)
ಹಾಗಂತ ಇದು ಸರ್ವರೋಗಕ್ಕೂ ಮದ್ದಲ್ಲ. 24 ಅನ್ನೋದು ಸ್ಯಾಂಪಲಿಂಗ್ ವೇಗ, ಸಿಗ್ನಲ್ ವೇಗ ಅಲ್ಲ. ಒಂದು ಕ್ಲಾಕಿಗೆ ಕನಿಷ್ಠ ನಾಲ್ಕು ಸ್ಯಾಂಪಲ್ ಬೇಕು ಅಂದ್ಕೊಂಡ್ರೆ 6 ಮೆಗಾಹರ್ಟ್ಸ್ ತನಕ ನಂಬಬಹುದು. 400 ಕಿಲೋಹರ್ಟ್ಸ್ ಐ2ಸಿ, 115200 ಬಾಡ್ ಯೂಆರ್ಟ್ ಇದಕ್ಕೆ ಲೆಕ್ಕಕ್ಕೇ ಇಲ್ಲ. 8 ಮೆಗಾಹರ್ಟ್ಸ್ ಎಸ್‌ಪಿಐ ಕಷ್ಟ. ಡೀಬಗ್ ಮಾಡುವಾಗ 1ಕ್ಕೆ ಇಳಿಸಿ. ಇನ್ನು, ಇದು ನೋಡೋದು 0 ಅಥವಾ 1 ಅಷ್ಟೇ. ಪುಲ್‌ಅಪ್ ಸಾಲದೆ ನಿಧಾನಕ್ಕೆ ಏರೋ ಸಿಗ್ನಲ್, ಕುಸಿಯೋ ಸಪ್ಲೈ ಕಾಣಲ್ಲ. ಅಲ್ಲಿ ಸ್ಕೋಪ್ ಬೇಕೇ ಬೇಕು, ಸೀನಿಯರ್ ಮಾತು ಸರಿ.

ಡಬ್ಬದ ಮೇಲೆ ದೊಡ್ಡ ಮೆಗಾಹರ್ಟ್ಸ್ ನೋಡಿ ದುಪ್ಪಟ್ಟು ದುಡ್ಡು ಕೊಡೋ ಮುಂಚೆ ಕೇಳಿ: ಆ ವೇಗ ಎಷ್ಟು ಚಾನೆಲಿಗೆ? ಒಳಗೆ ಮೆಮೊರಿ ಎಷ್ಟು?

(4/4)
ಈಗ ಜಗಳದ ವಿಷಯ. ಸೈಪ್ರೆಸ್ ಎಫ್‌ಎಕ್ಸ್2 ಚಿಪ್‌ನ ಈ ಬೋರ್ಡ್‌ಗಳಲ್ಲಿ ಹಲವು 'ಸೇಲಿಯ' ಕಂಪನಿಯ ಐಡಿ ಹೊತ್ತು ಬರುತ್ತವೆ. "ಅವರ ಸಾಫ್ಟ್‌ವೇರೇ ಹಾಕ್ಕೋ, ನಡೆಯುತ್ತೆ" ಅಂತ ವಾಟ್ಸ್ಆ್ಯಪ್ ಗುರುಗಳು ಹೇಳ್ತಾರೆ. ಅವರು ತಮ್ಮ ಹಾರ್ಡ್‌ವೇರ್‌ಗೆ ಬರೆದದ್ದನ್ನ ನಕಲಿ ಬೋರ್ಡಿಗೆ ಹಾಕ್ಕೊಳ್ಳೋದು ಬೇರೆಯವರ ದುಡಿಮೆ ಕದಿಯೋದೇ. ಅದರ ಅಗತ್ಯವೂ ಇಲ್ಲ. ಸಿಗ್ರಾಕ್‌ನ ಪಲ್ಸ್‌ವ್ಯೂ ಉಚಿತ, ಓಪನ್ ಸೋರ್ಸ್, ಐ2ಸಿ–ಎಸ್‌ಪಿಐ–ಯೂಆರ್ಟ್ ಡಿಕೋಡರ್ ಎಲ್ಲ ಒಳಗೇ ಇದೆ. ವಿಂಡೋಸಲ್ಲಿ ಜಡಿಗ್‌ನಿಂದ ಡ್ರೈವರ್ ಒಮ್ಮೆ ಬದಲಿಸಬೇಕು, ಅಷ್ಟೇ ತಾಪತ್ರಯ.

ನಾಲ್ಕು ಜನರ ಟೀಮಿಗೆ ಒಂದು ಸಾಕು. ಇನ್ನು ಡಿಪಾರ್ಟ್‌ಮೆಂಟಿಗೆ: ಒಂದು ಸ್ಕೋಪ್ ದುಡ್ಡಲ್ಲಿ ಪ್ರತಿ ಬೆಂಚಿಗೂ ಒಂದೊಂದು ಇಡಬಹುದು. ಮುಂದಿನ ಇಂಡೆಂಟಲ್ಲಿ ಹಾಕಿ ಅಂತ ಎಚ್‌ಓಡಿ ಹತ್ರ ಕೇಳೋಣ. ಬರೋರು ಕಾಮೆಂಟಲ್ಲಿ ಸೆಕ್ಷನ್ ಹಾಕಿ.